ಮನೆಯಲ್ಲೇ ಗರಿಗರಿ ಫ್ರೆಂಚ್ ಫ್ರೈಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಲೂಗಡ್ಡೆ, ಎಣ್ಣೆ, ಉಪ್ಪು. ಬೇಕಾಗಿರುವುದು ಇಷ್ಟೇ. ಆದರೂ ಮನೆಯಲ್ಲಿ ಮಾಡಿದಾಗ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗಿ ಜೋತು ಬೀಳುತ್ತವೆ, ಇಲ್ಲಾಂದ್ರೆ ಮೇಲೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುತ್ತವೆ. ಈ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಎರಡು ಸಲ ಕರಿಯುವ ಬಗ್ಗೆ ಇರುವ ಉತ್ತರವನ್ನಷ್ಟೇ ಓದಿ ಒಲೆ ಹಚ್ಚಬಹುದು. ಇಲ್ಲಿ ಡಿಗ್ರಿ ಅಂದಲ್ಲೆಲ್ಲ ಸೆಲ್ಸಿಯಸ್ ಅಂತಲೇ ಅರ್ಥ.

ಮನೆಯಲ್ಲಿ ಮಾಡಿದ ಫ್ರೈಸ್ ಯಾಕೆ ಮೆತ್ತಗಾಗುತ್ತವೆ?

ನೀರಿನಿಂದ. ಆಲೂಗಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಒಳಭಾಗ ಮೃದುವಾಗಿ ಬೇಯಲು ಆ ನೀರು ಬೇಕು. ಹೊರಪದರ ಗರಿಗರಿಯಾಗಲು ಅಲ್ಲಿರುವ ನೀರು ಹೋಗಬೇಕು. ಅಂದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ: ಒಳಗೆ ಬೇಯಿಸುವುದು, ಹೊರಗೆ ಒಣಗಿಸುವುದು. ಮೊದಲನೆಯದಕ್ಕೆ ಹದವಾದ ಶಾಖ ಸಾಕು, ಎರಡನೆಯದಕ್ಕೆ ಜೋರು ಶಾಖ ಬೇಕು. ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋದಾಗಲೇ ಎಡವಟ್ಟಾಗುವುದು.

ಇನ್ನೂ ಒಂದು ಇದೆ. ಬಾಣಲೆಯಿಂದ ತೆಗೆದ ಮೇಲೂ ಒಳಗಿನ ಹಬೆ ಹೊರಗೆ ಬರುತ್ತಲೇ ಇರುತ್ತದೆ. ಹೊರಪದರ ತೆಳ್ಳಗಿದ್ದರೆ ಆ ಹಬೆ ಅದನ್ನು ನೋಡನೋಡುತ್ತಿದ್ದಂತೆ ನೆನೆಸಿಬಿಡುತ್ತದೆ. ಹಾಗಾಗಿ ಬಣ್ಣ ಬಂದರೆ ಸಾಲದು, ಪದರ ಸ್ವಲ್ಪ ದಪ್ಪಗೂ ಆಗಬೇಕು.

ಯಾವ ಆಲೂಗಡ್ಡೆ ತರಬೇಕು?

ಪಿಷ್ಟ ಜಾಸ್ತಿ, ನೀರು ಕಮ್ಮಿ ಇರುವ ಬಲಿತ ಆಲೂಗಡ್ಡೆ. ಬೇಯಿಸಿದಾಗ ಬಿರಿದು ಪುಡಿಪುಡಿಯಾಗುವ ಜಾತಿ. ಅಮೆರಿಕದಲ್ಲಿ ರಸೆಟ್ ಬರ್ಬ್ಯಾಂಕ್, ಬ್ರಿಟನ್ನಿನಲ್ಲಿ ಮಾರಿಸ್ ಪೈಪರ್, ಬೆಲ್ಜಿಯಂ ಕಡೆ ಬಿಂಟ್ಯೆ ಎಂಬ ತಳಿಗಳು ಇದಕ್ಕೆ ಹೆಸರುವಾಸಿ. ಬೇಯಿಸಿದರೂ ಗಟ್ಟಿಯಾಗಿ, ನಯವಾಗಿ ಉಳಿಯುವ ಜಾತಿಯಲ್ಲಿ ನೀರು ಜಾಸ್ತಿ. ಅದು ಬೇರೆ ಅಡುಗೆಗೆ ಚೆನ್ನ, ಫ್ರೈಸ್‌ಗೆ ಅಲ್ಲ. ತೆಳು ಸಿಪ್ಪೆಯ ಎಳೆ ಆಲೂಗಡ್ಡೆಯನ್ನೂ ಬಿಡಿ.

ಆಕಾರವನ್ನೂ ನೋಡಿ. ಉದ್ದನೆಯ, ದೊಡ್ಡ ಗಡ್ಡೆಯಾದರೆ ಕಡ್ಡಿಗಳು ಉದ್ದಕ್ಕೆ ಬರುತ್ತವೆ, ತುಂಡುಟುಕಡಿ ಕಮ್ಮಿ ಉಳಿಯುತ್ತವೆ.

ಚೀಲದ ಮೇಲೆ ತಳಿಯ ಹೆಸರೇ ಇರಲ್ಲ. ಒಳ್ಳೆಯ ಆಲೂಗಡ್ಡೆ ಅಂತ ಗುರುತಿಸುವುದು ಹೇಗೆ?

ಉಪ್ಪುನೀರಿನಲ್ಲಿ ಮುಳುಗಿಸಿ ನೋಡಿ. ಒಂದು ಬಟ್ಟಲು ಉಪ್ಪಿಗೆ ಅದೇ ಬಟ್ಟಲಿನಲ್ಲಿ ಹನ್ನೊಂದು ಬಟ್ಟಲು ನೀರು. ಉಪ್ಪು ಪೂರ್ತಿ ಕರಗಲಿ. ತೊಳೆದ ಇಡೀ ಆಲೂಗಡ್ಡೆಯನ್ನು ಅದರೊಳಗೆ ಬಿಡಿ. ಪಿಷ್ಟ ಜಾಸ್ತಿ ಇರುವುದು ಭಾರವಾಗಿರುತ್ತದೆ, ತಳ ಸೇರುತ್ತದೆ. ನೀರಿನಂಶ ಜಾಸ್ತಿ ಇರುವುದು ತೇಲುತ್ತದೆ. ಒಂದೇ ಚೀಲದ ಗಡ್ಡೆಗಳಲ್ಲೂ ಕೆಲವು ಮುಳುಗಿ ಕೆಲವು ತೇಲುವುದುಂಟು. ಮುಳುಗಿದವನ್ನು ಫ್ರೈಸ್‌ಗೆ ಎತ್ತಿಡಿ.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ, ಒಂದನ್ನು ಕತ್ತರಿಸಿ ಎರಡು ಹೋಳುಗಳನ್ನು ಒಂದಕ್ಕೊಂದು ಉಜ್ಜಿ. ಬಿಳಿ ರಸ ಬಿಟ್ಟು ಹೋಳುಗಳು ಅಂಟಿಕೊಂಡರೆ ಪಿಷ್ಟ ಸಾಕಷ್ಟಿದೆ ಅಂತ ತಿಳಿಯಬಹುದು. ಉಪ್ಪುನೀರಿನಷ್ಟು ಖಚಿತ ಅಲ್ಲ, ಆದರೆ ಅಂದಾಜು ಸಿಗುತ್ತದೆ.

ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬಹುದಾ?

ಫ್ರೈಸ್ ಮಾಡುವುದಿದ್ದರೆ ಬೇಡ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಆಲೂಗಡ್ಡೆ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳಲು ಶುರು ಮಾಡುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಬಲು ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊರಪದರ ಒಣಗುವ ಮೊದಲೇ ಫ್ರೈಸ್ ಕಪ್ಪಾಗಿ, ರುಚಿ ಕಹಿಯಾಗುತ್ತದೆ. "ಉರಿ ಸಣ್ಣಗಿಟ್ಟರೂ ಕರಕಲಾಗ್ತಿದೆ" ಎನ್ನುವವರು ಮೊದಲು ಆಲೂಗಡ್ಡೆ ಎಲ್ಲಿತ್ತು ಅಂತ ನೋಡಬೇಕು.

ಆಗಲೇ ಫ್ರಿಜ್‌ನಲ್ಲಿಟ್ಟು ಬಿಟ್ಟಿದ್ದರೆ ಎಸೆಯಬೇಕಾಗಿಲ್ಲ. ಹೊರಗೆ ತೆಗೆದು, ಬೆಳಕು ಬೀಳದ ಕಡೆ ಒಂದೆರಡು ವಾರ ಇಡಿ. ಸಕ್ಕರೆಯ ಅಂಶ ತಕ್ಕಮಟ್ಟಿಗೆ ಇಳಿಯುತ್ತದೆ. ದೊಡ್ಡ ದೊಡ್ಡ ಉಗ್ರಾಣಗಳಲ್ಲೂ ಹೀಗೇ ಮಾಡುತ್ತಾರೆ.

ಹಸಿರಾದ, ಮೊಳಕೆ ಬಂದ ಆಲೂಗಡ್ಡೆ?

ಹಸಿರು ಬಣ್ಣದಿಂದ ತೊಂದರೆ ಇಲ್ಲ. ಆದರೆ ಹಸಿರಾದ ಕಡೆ ಸೋಲನಿನ್ ಎಂಬ ವಿಷದ ಅಂಶವೂ ಜಾಸ್ತಿ ಇರುವ ಸಾಧ್ಯತೆ ಇದೆ. ಬೇಯಿಸಿದರೂ ಕರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಣ್ಣ ಹಸಿರು ಮಚ್ಚೆಯಾದರೆ, ಚಿಕ್ಕ ಮೊಳಕೆಯಾದರೆ ಆಳವಾಗಿ ಕೆತ್ತಿ ತೆಗೆಯಿರಿ. ಗಡ್ಡೆ ತುಂಬ ಹಸಿರಾಗಿದ್ದರೆ ಅಥವಾ ಕಹಿ ಬಂದರೆ ಎಸೆದುಬಿಡಿ.

ಸಿಪ್ಪೆ ತೆಗೆಯಲೇಬೇಕಾ?

ನಿಮ್ಮಿಷ್ಟ. ಸಿಪ್ಪೆ ಇರುವ ಬದಿ ಅಷ್ಟಾಗಿ ಗರಿಗರಿಯಾಗುವುದಿಲ್ಲ, ರುಚಿ ಮಾತ್ರ ಚೆನ್ನಾಗಿರುತ್ತದೆ. ಬಿಡುವುದಾದರೆ ಮಣ್ಣು ಹೋಗುವಂತೆ ಉಜ್ಜಿ ತೊಳೆಯಿರಿ.

ಎಷ್ಟು ದಪ್ಪಕ್ಕೆ ಕತ್ತರಿಸಬೇಕು?

ಸುಮಾರು 1 ಸೆಂಟಿಮೀಟರ್ ದಪ್ಪದ ಚೌಕ ಕಡ್ಡಿ. ಇದಕ್ಕಿಂತ ದಪ್ಪಗಾದರೆ ಒಳಗಿನ ತಿರುಳು ಜಾಸ್ತಿ, ಹೊರಗಿನ ಗರಿ ಕಮ್ಮಿ. ಅರ್ಧ ಸೆಂಟಿಮೀಟರಿನಷ್ಟು ತೆಳ್ಳಗೆ ಹೆಚ್ಚಿದರೆ ಪೂರ್ತಿ ಕುರುಕಲು ಆಗುತ್ತದೆ, ಒಳಗೆ ಮೃದು ತಿರುಳು ಉಳಿಯುವುದಿಲ್ಲ. ಎರಡಕ್ಕೂ ಅಭಿಮಾನಿಗಳಿದ್ದಾರೆ. ನನಗೆ 1 ಸೆಂಟಿಮೀಟರಿನದೇ ಸರಿ.

ದಪ್ಪ ಎಷ್ಟೇ ಇರಲಿ, ಎಲ್ಲ ಕಡ್ಡಿಗಳೂ ಒಂದೇ ಸಮ ಇರಬೇಕು. ತೆಳು ಕಡ್ಡಿ ಕಪ್ಪಾಗುವ ಹೊತ್ತಿಗೆ ದಪ್ಪದ್ದು ಇನ್ನೂ ಬೆಳ್ಳಗಿರುತ್ತದೆ. ಗಡ್ಡೆಯ ಒಂದು ಬದಿಯಿಂದ ತೆಳು ಬಿಲ್ಲೆ ಕೊಯ್ದು, ಆ ಚಪ್ಪಟೆ ಬದಿಯನ್ನು ಮಣೆಗೆ ತಾಗಿಸಿ ಕೂರಿಸಿದರೆ ಗಡ್ಡೆ ಉರುಳುವುದಿಲ್ಲ, ಕತ್ತರಿಸುವುದು ಸಲೀಸು.

ನೀರಿನಲ್ಲಿ ನೆನೆಸುವುದು ಯಾಕೆ? ಎಷ್ಟು ಹೊತ್ತು?

ಚಾಕು ಹಾಯ್ದ ಕಡೆಯಲ್ಲೆಲ್ಲ ಜೀವಕೋಶಗಳು ಒಡೆದು ಪಿಷ್ಟ, ಸಕ್ಕರೆ ಹೊರಗೆ ಬಂದಿರುತ್ತವೆ. ತೊಳೆಯದೆ ಎಣ್ಣೆಗೆ ಹಾಕಿದರೆ ಕಡ್ಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಲ್ಲಲ್ಲಿ ಬೇಗ ಸೀಯುತ್ತವೆ. ತಣ್ಣೀರಿನಲ್ಲಿ ಕೈಯಾಡಿಸಿ ತೊಳೆದು, ನೀರು ಚೆಲ್ಲಿ, ಮತ್ತೆ ನೀರು ಹಾಕಿ. ಮೊದಲ ನೀರು ಗಂಜಿಯ ಹಾಗೆ ಬೆಳ್ಳಗಿರುತ್ತದೆ. ತಿಳಿಯಾಗುವ ತನಕ ಬದಲಾಯಿಸಿ. ಆಮೇಲೆ ಅರ್ಧ ಗಂಟೆ ನೆನೆಸಿದರೆ ಸಾಕು. ಒಂದೆರಡು ಗಂಟೆಯಾದರೂ ನಷ್ಟವಿಲ್ಲ.

ಕತ್ತರಿಸಿದ ಆಲೂಗಡ್ಡೆ ಗಾಳಿಗೆ ಕಪ್ಪಾಗುವುದನ್ನೂ ಈ ನೀರು ತಡೆಯುತ್ತದೆ. ಹಾಗಾಗಿ ಹೆಚ್ಚುತ್ತ ಹೆಚ್ಚುತ್ತಲೇ ನೀರಿಗೆ ಹಾಕುತ್ತ ಬನ್ನಿ.

ಮೊದಲೇ ಬಿಸಿನೀರಿನಲ್ಲಿ ಬೇಯಿಸಿಕೊಂಡರೆ ಒಳ್ಳೆಯದಂತೆ, ಹೌದಾ?

ಹೌದು, ಒಂದು ಷರತ್ತಿನ ಮೇಲೆ: ನೀರಿಗೆ ವಿನಿಗರ್ ಹಾಕಬೇಕು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಜೊತೆಗೆ ಸ್ವಲ್ಪ ಉಪ್ಪು. ಆಲೂಗಡ್ಡೆಯ ಜೀವಕೋಶಗಳನ್ನು ಹಿಡಿದಿಡುವುದು ಪೆಕ್ಟಿನ್ ಎಂಬ ಅಂಟು. ಬರೀ ನೀರಿನಲ್ಲಿ ಕುದಿಸಿದರೆ ಅದು ಸಡಿಲವಾಗಿ ಕಡ್ಡಿಗಳು ಮುರಿದು ಚೂರಾಗುತ್ತವೆ. ನೀರಿನಲ್ಲಿ ಹುಳಿ ಇದ್ದರೆ ಪೆಕ್ಟಿನ್ ಬೇಗ ಕರಗುವುದಿಲ್ಲ. ಹತ್ತು ನಿಮಿಷ ಸಣ್ಣಗೆ ಕುದ್ದರೂ ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ. ವಿನಿಗರ್ ವಾಸನೆ ಕರಿಯುವಾಗ ಹೋಗುತ್ತದೆ, ಹೆದರಬೇಡಿ.

ಹೀಗೆ ಬೇಯಿಸಿಕೊಂಡರೆ ಮೊದಲ ಸಲದ ಕರಿಯುವಿಕೆ ಒಂದೆರಡು ನಿಮಿಷಕ್ಕೇ ಮುಗಿಯುತ್ತದೆ. ಆದರೆ ಪಾತ್ರೆ ಒಂದು ಜಾಸ್ತಿ, ಕೆಲಸವೂ ಒಂದು ಜಾಸ್ತಿ. ಆಲೂಗಡ್ಡೆಯೇ ಚೆನ್ನಾಗಿದ್ದರೆ ಇದನ್ನು ಬಿಟ್ಟರೂ ನಡೆಯುತ್ತದೆ. ಏರ್ ಫ್ರೈಯರ್, ಓವನ್ ಬಳಸುವವರು ಮಾತ್ರ ಇದನ್ನು ಬಿಡಬೇಡಿ.

ಬೇಕಿಂಗ್ ಸೋಡಾ ಹಾಕಬಹುದಾ?

ಫ್ರೈಸ್‌ಗೆ ಬೇಡ. ವಿನಿಗರ್ ಮಾಡುವುದಕ್ಕೆ ಉಲ್ಟಾ ಕೆಲಸ ಸೋಡಾ ಮಾಡುತ್ತದೆ: ಪೆಕ್ಟಿನ್ ಅನ್ನು ಬೇಗ ಕರಗಿಸುತ್ತದೆ. ದೊಡ್ಡ ಹೋಳುಗಳನ್ನು ಓವನ್‌ನಲ್ಲಿ ಹುರಿಯುವಾಗ ಮೇಲ್ಮೈ ಒರಟಾಗಲಿ ಅಂತ ಹಾಕುತ್ತಾರೆ, ಅಲ್ಲಿ ಅದು ಸರಿ. ತೆಳು ಕಡ್ಡಿಗಳು ಮಾತ್ರ ಕೈಗೆ ಸಿಗದಂತೆ ಪುಡಿಯಾಗುತ್ತವೆ.

ಒರೆಸಿ ಒಣಗಿಸುವುದು ಅಷ್ಟು ಮುಖ್ಯವಾ?

ತುಂಬಾ. ಒದ್ದೆ ಕಡ್ಡಿ ಎಣ್ಣೆಗೆ ಬಿದ್ದರೆ ಮೊದಲು ಆ ನೀರು ಆವಿಯಾಗಬೇಕು. ಅಷ್ಟು ಹೊತ್ತು ಎಣ್ಣೆಯ ಶಾಖವೆಲ್ಲ ಅದಕ್ಕೇ ಖರ್ಚು. ಎಣ್ಣೆ ತಣ್ಣಗಾಗುತ್ತದೆ, ನೊರೆ ಉಕ್ಕುತ್ತದೆ, ಕೈ ಮೇಲೆ ಸಿಡಿಯುತ್ತದೆ. ನೀರು ಬಸಿದು, ಒಣ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಮೇಲೆ ಒತ್ತಿ ಒರೆಸಿ. ಫ್ಯಾನ್ ಕೆಳಗೆ ಹತ್ತು ನಿಮಿಷ ಬಿಟ್ಟರೆ ಇನ್ನೂ ಒಳ್ಳೆಯದು. ಮುಟ್ಟಿದಾಗ ಬೆರಳಿಗೆ ತೇವ ಅಂಟಬಾರದು.

ಎರಡು ಸಲ ಕರಿಯುವುದು ಹೇಗೆ? ಯಾಕೆ?

ಮೊದಲ ಸಲ 150ರಿಂದ 160 ಡಿಗ್ರಿ ಎಣ್ಣೆಯಲ್ಲಿ, ಐದಾರು ನಿಮಿಷ. ಇಲ್ಲಿ ಬಣ್ಣ ಬರಬಾರದು. ಬಂತು ಅಂದರೆ ಎಣ್ಣೆ ಜಾಸ್ತಿ ಕಾದಿದೆ ಅಂತ ಲೆಕ್ಕ. ಒಂದು ಕಡ್ಡಿ ತೆಗೆದು ನೋಡಿ: ಹಿಡಿದರೆ ಮೆಲ್ಲಗೆ ಬಾಗಬೇಕು, ಬೆರಳುಗಳ ನಡುವೆ ಒತ್ತಿದರೆ ಒಳಗಿನದು ಬೆಂದು ಹಿಟ್ಟಾಗಿರಬೇಕು. ನೋಡಲು ಏನೂ ಚೆನ್ನಾಗಿರಲ್ಲ. ಬಿಳಿಚಿಕೊಂಡು, ಜೋತುಬಿದ್ದು, "ಇದೇನು ಹೀಗಾಯ್ತು" ಅನ್ನಿಸುತ್ತದೆ. ಅದು ಸರಿಯಾಗಿಯೇ ಇದೆ.

ಈಗ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ ಆರಲು ಬಿಡಿ. ಕನಿಷ್ಠ ಅರ್ಧ ಗಂಟೆ. ಜನ ಅವಸರ ಮಾಡುವುದು ಇಲ್ಲೇ. ಸುಮ್ನೆ ಕಾಯುವ ಹೊತ್ತು ಅಂದುಕೊಳ್ಳುತ್ತಾರೆ, ಆದರೆ ಈ ಹೊತ್ತಿನಲ್ಲೂ ಕೆಲಸ ನಡೆಯುತ್ತಿರುತ್ತದೆ. ಮೊದಲ ಕರಿಯುವಿಕೆಯಲ್ಲಿ ಮೇಲ್ಮೈಯ ಪಿಷ್ಟ ನೀರು ಹೀರಿ ಉಬ್ಬಿ ಅಂಟಿನಂತಾಗಿರುತ್ತದೆ. ಆರುವಾಗ ಅದು ಮತ್ತೆ ಬಿಗಿದುಕೊಂಡು ಗಟ್ಟಿ ಪದರವಾಗುತ್ತದೆ. ಮೇಲಿನ ತೇವವೂ ಹಬೆಯಾಗಿ ಹೋಗುತ್ತದೆ.

ಎರಡನೇ ಸಲ 180ರಿಂದ 190 ಡಿಗ್ರಿ. ಎರಡು ಮೂರು ನಿಮಿಷ ಸಾಕು. ಬಿಗಿದುಕೊಂಡ ಆ ಪದರ ಈಗ ಪೂರ್ತಿ ಒಣಗಿ, ಹೊಂಬಣ್ಣಕ್ಕೆ ಬರುತ್ತದೆ. ಆಗಿದೆಯಾ ಅಂತ ತಿಳಿಯಲು ಕಣ್ಣಿಗಿಂತ ಕಿವಿ ವಾಸಿ. ಹಾಕಿದ ಕೂಡಲೇ ದೊಡ್ಡ ದೊಡ್ಡ ಗುಳ್ಳೆ, ಜೋರು ಸದ್ದು. ನೀರು ಖಾಲಿಯಾದಂತೆ ಗುಳ್ಳೆಗಳು ಸಣ್ಣದಾಗಿ ಸದ್ದು ತಗ್ಗುತ್ತದೆ. ಆಗ ಜಾಲರಿ ಸೌಟಿನಲ್ಲಿ ಒಂದಿಷ್ಟು ಎತ್ತಿ ಅಲ್ಲಾಡಿಸಿ. ಕಡ್ಡಿಗಳು ಒಂದಕ್ಕೊಂದು ತಾಗಿ ಕಟಕಟ ಅನ್ನಬೇಕು. ಸದ್ದೇ ಇಲ್ಲದೆ ಮೆತ್ತಗೆ ಜಾರಿದರೆ ಇನ್ನೂ ಅರ್ಧ ನಿಮಿಷ ಬಿಡಿ.

ಬೆಲ್ಜಿಯಂನಲ್ಲಿ ಹೀಗೆ ಎರಡು ಸಲ ಕರಿಯುವುದು ಹಳೆಯ ರೂಢಿ. ಅಲ್ಲಿ ಸಾಂಪ್ರದಾಯಿಕವಾಗಿ ಎಣ್ಣೆಯ ಬದಲು ದನದ ಕೊಬ್ಬಿನಲ್ಲಿ ಕರಿಯುತ್ತಾರೆ.

ಮೂರು ಸಲ ಮಾಡಿದರೆ?

ಬಿಸಿನೀರಲ್ಲಿ ಬೇಯಿಸುವುದು, ಒಂದು ಸಲ ಕರಿಯುವುದು, ಮತ್ತೊಮ್ಮೆ ಕರಿಯುವುದು ಅಂತ ಮೂರು ಹಂತ ಮಾಡುವ ಹೋಟೆಲುಗಳಿವೆ. ಚೆನ್ನಾಗಿರುತ್ತದೆ, ನಿಜ. ಎಣ್ಣೆಯಲ್ಲೇ ಮೂರು ಸಲ ಕರಿದರೆ ಮಾತ್ರ ಒಳಗಿನದೂ ಒಣಗಿ ಕಡ್ಡಿ ಬರೀ ಸಿಪ್ಪೆಯಂತಾಗುತ್ತದೆ.

ಥರ್ಮಾಮೀಟರ್ ಇಲ್ಲ. ಎಣ್ಣೆ ಎಷ್ಟು ಕಾದಿದೆ ಅಂತ ಗೊತ್ತಾಗುವುದು ಹೇಗೆ?

ಒಂದೇ ಒಂದು ಕಡ್ಡಿ ಹಾಕಿ ನೋಡಿ. ಸುತ್ತ ಸಣ್ಣ ಗುಳ್ಳೆಗಳು ನಿಧಾನವಾಗಿ ಎದ್ದರೆ ಮೊದಲ ಸಲಕ್ಕೆ ಸರಿ. ಹಾಕಿದ ತಕ್ಷಣ ಚೊಯ್ ಅಂತ ಜೋರಾಗಿ ನೊರೆಯೆದ್ದು ಕಡ್ಡಿ ಮೇಲೆ ಬಂದರೆ ಎರಡನೇ ಸಲದ ಹದ. ಒಣಗಿದ ಮರದ ಸೌಟಿನ ತುದಿಯನ್ನು ಅದ್ದಿದರೂ ಗುಳ್ಳೆಗಳು ಇದೇ ರೀತಿ ಸುಳಿವು ಕೊಡುತ್ತವೆ. ಬ್ರೆಡ್ಡಿನ ಸಣ್ಣ ಚೌಕ ಹಾಕಿದಾಗ ಸುಮಾರು ಒಂದು ನಿಮಿಷದಲ್ಲಿ ಹೊಂಬಣ್ಣಕ್ಕೆ ಬಂದರೆ ಎಣ್ಣೆ 180ರ ಆಸುಪಾಸಿನಲ್ಲಿದೆ. ಎಣ್ಣೆಯಿಂದ ಹೊಗೆ ಬರುತ್ತಿದ್ದರೆ ಹದ ಮೀರಿದೆ, ಉರಿ ಆರಿಸಿ.

ಆದರೂ ಪದೇ ಪದೇ ಫ್ರೈಸ್ ಮಾಡುವ ಮನೆಯಾದರೆ ಥರ್ಮಾಮೀಟರ್ ಒಂದನ್ನು ತಂದಿಟ್ಟುಕೊಳ್ಳುವುದೇ ಜಾಣತನ. ಈ ಅಡುಗೆಯಲ್ಲಿ 20 ಡಿಗ್ರಿಯ ವ್ಯತ್ಯಾಸ ದೊಡ್ಡದು.

ಯಾವ ಎಣ್ಣೆ ಒಳ್ಳೆಯದು?

ರಿಫೈನ್ಡ್ ಎಣ್ಣೆ ಯಾವುದಾದರೂ ಸರಿ. ಸೂರ್ಯಕಾಂತಿ, ಕಡಲೆಕಾಯಿ, ಅಕ್ಕಿ ತೌಡಿನ ಎಣ್ಣೆ ಎಲ್ಲವೂ 200 ಡಿಗ್ರಿ ದಾಟಿದರೂ ಹೊಗೆಯಾಡುವುದಿಲ್ಲ. ರಿಫೈನ್ ಮಾಡದ ಎಣ್ಣೆಗಳು ಸಾಮಾನ್ಯವಾಗಿ ಅದಕ್ಕಿಂತ ಬೇಗ ಹೊಗೆ ಬಿಡುತ್ತವೆ, ಅವುಗಳ ಸ್ವಂತ ವಾಸನೆಯೂ ಫ್ರೈಸ್‌ಗೆ ಹತ್ತುತ್ತದೆ. ಬೆಣ್ಣೆ ಇದಕ್ಕೆ ಆಗುವುದಿಲ್ಲ.

ಒಂದು ಸಲಕ್ಕೆ ಎಷ್ಟು ಹಾಕಬಹುದು?

ಒಂದು ಲೀಟರ್ ಎಣ್ಣೆಗೆ 200 ಗ್ರಾಂ, ಅಂದರೆ ಎರಡು ಹಿಡಿಯಷ್ಟು. ಜಾಸ್ತಿ ಹಾಕಿದರೆ ಎಣ್ಣೆಯ ಶಾಖ ಒಮ್ಮೆಲೇ ಕುಸಿಯುತ್ತದೆ. ಮತ್ತೆ ಕಾಯುವಷ್ಟರಲ್ಲಿ ಫ್ರೈಸ್ ಮೆತ್ತಗಾಗಿರುತ್ತವೆ. ಮನೆಯ ಒಲೆಗೆ ಹೋಟೆಲಿನ ಫ್ರೈಯರ್‌ನಷ್ಟು ತಾಕತ್ತು ಇಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲವೂ ಎಣ್ಣೆ ಮತ್ತೆ ಕಾಯಲು ಬಿಡಿ.

ಎರಡು ಸಲ ಕರಿಯಲು ಟೈಮ್ ಇಲ್ಲ. ಬೇರೆ ದಾರಿ ಇದೆಯಾ?

ಇದೆ, ತಣ್ಣನೆಯ ಎಣ್ಣೆಯಿಂದಲೇ ಶುರು ಮಾಡುವುದು. ತೊಳೆದು ಒರೆಸಿದ ಕಡ್ಡಿಗಳನ್ನು ಆಳವಾದ ಪಾತ್ರೆಗೆ ಹಾಕಿ, ಮುಳುಗುವಷ್ಟು ತಣ್ಣನೆಯ ಎಣ್ಣೆ ಸುರಿಯಿರಿ. ಆಮೇಲೆ ಒಲೆ ಹಚ್ಚಿ. ಎಣ್ಣೆ ಕಾಯುತ್ತಾ ಹೋದಂತೆ ಒಳಗೆ ಬೇಯುತ್ತದೆ, ಕೊನೆಯಲ್ಲಿ ಜೋರು ಶಾಖಕ್ಕೆ ಹೊರಗೆ ಗರಿಯಾಗುತ್ತದೆ. ಎರಡು ಹಂತದ ಕೆಲಸವೇ ಒಂದರ ಹಿಂದೆ ಒಂದು ನಡೆಯುತ್ತದೆ. ಒಟ್ಟು 20ರಿಂದ 25 ನಿಮಿಷ ಹಿಡಿಯುತ್ತದೆ. ಮೊದಲ ಹದಿನೈದು ನಿಮಿಷ ಸೌಟು ಹಾಕಬೇಡಿ, ಬೆಂದು ಮೆತ್ತಗಾದ ಕಡ್ಡಿಗಳು ಮುರಿಯುತ್ತವೆ. ಹೊರಪದರ ಸ್ವಲ್ಪ ಬಿಗಿಯಾದ ಮೇಲೆ ತಳ ಹಿಡಿಯದಂತೆ ಮೆಲ್ಲಗೆ ಬಿಡಿಸಿ.

"ಎಣ್ಣೆ ಕುಡಿದುಬಿಡಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಅಂದುಕೊಂಡಷ್ಟು ಕುಡಿಯುವುದಿಲ್ಲ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ. ಎರಡು ಸಲ ಕರಿದದ್ದಕ್ಕೆ ಇದು ಸಮ ಅಂತ ನಾನು ಹೇಳಲ್ಲ. ಆದರೆ ಇಷ್ಟು ಕಮ್ಮಿ ಕೆಲಸಕ್ಕೆ ಇಷ್ಟು ಚೆನ್ನಾಗಿ ಬರುವ ಇನ್ನೊಂದು ದಾರಿ ಇಲ್ಲ.

ಫ್ರೈಸ್ ಎಣ್ಣೆ ಕುಡಿಯದಂತೆ ಮಾಡುವುದು ಹೇಗೆ?

ಎಣ್ಣೆಯೊಳಗೆ ಇರುವಾಗ ಆಲೂಗಡ್ಡೆಯಿಂದ ಹಬೆ ಜೋರಾಗಿ ಹೊರಗೆ ನುಗ್ಗುತ್ತಿರುತ್ತದೆ. ಅದನ್ನು ಎದುರಿಸಿ ಎಣ್ಣೆ ಒಳಗೆ ಹೋಗುವುದು ಕಷ್ಟ. ಎಣ್ಣೆ ಒಳಗೆ ಸೇರುವುದು ಹೆಚ್ಚಾಗಿ ಹೊರಗೆ ತೆಗೆದ ಮೇಲೆ. ಕಡ್ಡಿ ತಣ್ಣಗಾಗುವಾಗ ಒಳಗಿನ ಹಬೆ ಮತ್ತೆ ನೀರಾಗಿ ಕುಗ್ಗುತ್ತದೆ. ಅಲ್ಲಿ ಖಾಲಿಯಾದ ಜಾಗಕ್ಕೆ ಮೇಲೆ ಅಂಟಿರುವ ಎಣ್ಣೆ ಎಳೆದುಕೊಳ್ಳುತ್ತದೆ. ಹಾಗಾಗಿ ತೆಗೆದ ಕೂಡಲೇ, ಬಾಣಲೆಯ ಮೇಲೆಯೇ ಜಾಲರಿಯನ್ನು ನಾಲ್ಕು ಸಲ ಜೋರಾಗಿ ಕೊಡವಿ. ಆ ಕೆಲವು ಸೆಕೆಂಡುಗಳಲ್ಲಿ ಮಾಡಿದ್ದೇ ಲಾಭ. ಆಮೇಲೆ ಟಿಶ್ಯೂ ಪೇಪರಿನಲ್ಲಿ ಎಷ್ಟು ಒತ್ತಿದರೂ ಅಷ್ಟಕ್ಕಷ್ಟೇ.

ಹಳೆಯ, ದಪ್ಪಗಾದ ಎಣ್ಣೆ ಸರಿಯಾಗಿ ಇಳಿದು ಹೋಗದೆ ಮೇಲೇ ಅಂಟಿಕೊಳ್ಳುತ್ತದೆ. ಜಿಡ್ಡು ಜಾಸ್ತಿ ಅನ್ನಿಸಿದರೆ ಎಣ್ಣೆ ಎಷ್ಟು ಹಳೆಯದು ಅಂತಲೂ ನೋಡಿ.

ಕಾರ್ನ್‌ಫ್ಲೋರ್ ಹಚ್ಚಿದರೆ ಗರಿಗರಿ ಜಾಸ್ತಿಯಾ?

ಆಗುತ್ತದೆ. ಅರ್ಧ ಕಿಲೋ ಆಲೂಗಡ್ಡೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅಥವಾ ಅಕ್ಕಿ ಹಿಟ್ಟು ಉದುರಿಸಿ, ತೆಳ್ಳಗೆ ಹತ್ತುವಂತೆ ಅಲ್ಲಾಡಿಸಿ. ಆಲೂಗಡ್ಡೆಯ ಸ್ವಂತ ಪದರದ ಮೇಲೆ ಇನ್ನೊಂದು ಒಣ ಪದರ ಸಿಗುತ್ತದೆ. ಎಷ್ಟೋ ಕಡೆ ಮಾರುವ ಫ್ರೈಸ್‌ಗೂ ಪಿಷ್ಟದ ತೆಳು ಲೇಪ ಇರುತ್ತದೆ. ಜಾಸ್ತಿ ಹಾಕಿದರೆ ಬಾಯಲ್ಲಿ ಹಿಟ್ಟು ಹಿಟ್ಟು. ಉದುರಿದ ಹಿಟ್ಟು ಎಣ್ಣೆಯ ತಳದಲ್ಲಿ ಸೀಯುತ್ತದೆ ಕೂಡ. ಆಲೂಗಡ್ಡೆ ನೀರುನೀರಾಗಿದ್ದರೆ ಇದು ಉಪಯೋಗಕ್ಕೆ ಬರುತ್ತದೆ, ಒಳ್ಳೆಯದಿದ್ದರೆ ಅಗತ್ಯವಿಲ್ಲ.

ಉಪ್ಪು ಯಾವಾಗ ಹಾಕಬೇಕು?

ಎಣ್ಣೆಯಿಂದ ತೆಗೆದು ಕೊಡವಿದ ತಕ್ಷಣ. ಆಗ ಮೇಲೆ ತೆಳು ಎಣ್ಣೆ ಇರುತ್ತದೆ, ಉಪ್ಪು ಹಿಡಿದುಕೊಳ್ಳುತ್ತದೆ. ನುಣ್ಣಗಿನ ಪುಡಿ ಉಪ್ಪೇ ಬೇಕು, ಹರಳು ಉಪ್ಪು ತಟ್ಟೆಯ ತಳ ಸೇರುತ್ತದೆ. ಅಗಲ ಪಾತ್ರೆಯಲ್ಲಿ ಹಾಕಿ ಎರಡು ಸಲ ಎಗರಿಸಿದರೆ ಎಲ್ಲ ಕಡೆ ಸಮವಾಗಿ ಹತ್ತುತ್ತದೆ. ಕರಿಯುವ ಮೊದಲು ಉಪ್ಪು ಸವರಿದರೆ ಅದು ನೀರನ್ನು ಹೊರಗೆಳೆದು, ಕಷ್ಟಪಟ್ಟು ಒಣಗಿಸಿದ ಮೇಲ್ಮೈಯನ್ನು ಮತ್ತೆ ಒದ್ದೆ ಮಾಡುತ್ತದೆ.

ಜಾಸ್ತಿ ಕಂದಾದರೆ ಆರೋಗ್ಯಕ್ಕೆ ಕೆಟ್ಟದ್ದು ಅಂತಾರೆ. ನಿಜವಾ?

ಇದು ಅಕ್ರಿಲಮೈಡ್ ಎಂಬ ವಸ್ತುವಿನ ವಿಚಾರ. ಕರಿದ, ಹುರಿದ ಪಿಷ್ಟದ ಆಹಾರಗಳಲ್ಲಿ ಅದು ಹುಟ್ಟುತ್ತದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ಆಲೂಗಡ್ಡೆಯಲ್ಲಿರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಸಕ್ಕರೆಯೂ 120 ಡಿಗ್ರಿ ದಾಟಿದ ಶಾಖದಲ್ಲಿ ಸೇರಿ ಅದು ಉಂಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತ್ತು. ಯುರೋಪಿಯನ್ ಒಕ್ಕೂಟ 2017ರ ನಿಯಮದಲ್ಲಿ, ತಿನ್ನಲು ಸಿದ್ಧವಾದ ಫ್ರೈಸ್‌ಗೆ ಕಿಲೋಗೆ 500 ಮೈಕ್ರೋಗ್ರಾಂ ಎಂಬ ಮಟ್ಟವನ್ನು ಗೊತ್ತುಮಾಡಿದೆ.

ಮನೆಯಲ್ಲಿ ಅಳೆಯಲು ಆಗುವುದಿಲ್ಲ, ಅಳೆಯಬೇಕಾಗಿಯೂ ಇಲ್ಲ. ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ಬಳಸಬೇಡಿ, ಚೆನ್ನಾಗಿ ನೆನೆಸಿ ತೊಳೆಯಿರಿ, ಹೊಂಬಣ್ಣಕ್ಕೆ ಬಂದಾಗ ತೆಗೆಯಿರಿ. ರುಚಿಗಾಗಿ ಮಾಡಬೇಕಾದದ್ದೂ ಇವೇ ಮೂರು, ಅಲ್ವಾ?

ಮೊದಲೇ ಮಾಡಿ ಫ್ರೀಜರ್‌ನಲ್ಲಿ ಇಡಬಹುದಾ?

ಖಂಡಿತ. ಇಡುವುದರಿಂದ ಫ್ರೈಸ್ ಇನ್ನಷ್ಟು ಚೆನ್ನಾಗುತ್ತದೆ ಅಂತಲೇ ಹೇಳಬೇಕು. ಹೆಪ್ಪುಗಟ್ಟುವಾಗ ಒಳಗಿನ ನೀರು ಮಂಜಿನ ಹರಳುಗಳಾಗಿ ಜೀವಕೋಶಗಳ ಗೋಡೆಗಳನ್ನು ಒಡೆಯುತ್ತದೆ. ಆಮೇಲೆ ಕರಿಯುವಾಗ ಆ ನೀರು ಸಲೀಸಾಗಿ ಹೊರಗೆ ಹೋಗಿ ಒಳಭಾಗ ಹಗುರಾಗುತ್ತದೆ.

ಮೊದಲ ಸಲ ಕರಿದು ಪೂರ್ತಿ ಆರಿದ ಮೇಲೆ, ಟ್ರೇನಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ಗೆ ಇಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ಬೇಕಾದಾಗ ಕರಗಲು ಬಿಡದೆ, ಫ್ರೀಜರಿನಿಂದ ನೇರ 190 ಡಿಗ್ರಿ ಎಣ್ಣೆಗೆ, ಸ್ವಲ್ಪ ಸ್ವಲ್ಪವೇ. ಮೇಲೆ ಮಂಜಿನ ಪುಡಿ ಅಂಟಿದ್ದರೆ ಮೊದಲು ಕೊಡವಿ ತೆಗೆಯಿರಿ.

ಅಂಗಡಿಯ ಫ್ರೋಜನ್ ಫ್ರೈಸ್ ಯಾಕೆ ಯಾವಾಗಲೂ ಗರಿಗರಿ?

ನೀವು ಮಾಡಬೇಕಾದ ಅರ್ಧ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಪಿಷ್ಟ ಅಳೆದು ಆಯ್ದ ಆಲೂಗಡ್ಡೆ. ಬಿಸಿನೀರಿನಲ್ಲಿ ಅದ್ದಿ ಸಕ್ಕರೆ ತೊಳೆದು, ಎಲ್ಲದಕ್ಕೂ ಒಂದೇ ಬಣ್ಣ ಬರಲಿ ಅಂತ ಎಷ್ಟೋ ಕಡೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆಯನ್ನು ಅಳೆದು ಹಚ್ಚುತ್ತಾರೆ. ಬಿಸಿಗಾಳಿಯಲ್ಲಿ ಒಣಗಿಸಿ, ಒಂದು ಸಲ ಕರಿದು, ಹೆಪ್ಪುಗಟ್ಟಿಸುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಐಡಾಹೊದ ಸಿಂಪ್ಲಾಟ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. 1960ರ ದಶಕದಲ್ಲಿ ಮೆಕ್‌ಡೊನಾಲ್ಡ್ಸ್ ಕೂಡ ತಾಜಾ ಆಲೂಗಡ್ಡೆ ಬಿಟ್ಟು ಇದೇ ಸಿಂಪ್ಲಾಟ್‌ನ ಫ್ರೋಜನ್ ಫ್ರೈಸ್ ಕಡೆ ಹೊರಳಿತು.

ಏರ್ ಫ್ರೈಯರ್‌ನಲ್ಲಿ ಅದೇ ಥರ ಬರುತ್ತಾ?

ಅದೇ ಥರ ಬರಲ್ಲ. ಗಾಳಿ ಎಣ್ಣೆಯಷ್ಟು ಚುರುಕಾಗಿ ಶಾಖ ಮುಟ್ಟಿಸುವುದಿಲ್ಲ. ಆದರೆ ಚೆನ್ನಾಗಿ ಬರುತ್ತದೆ. ವಿನಿಗರ್ ನೀರಿನಲ್ಲಿ ಬೇಯಿಸಿ, ಆರಿಸಿ, ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಎಣ್ಣೆ ಸವರಿ. 190 ಡಿಗ್ರಿಯಲ್ಲಿ 15ರಿಂದ 20 ನಿಮಿಷ, ನಡುನಡುವೆ ಬುಟ್ಟಿ ಅಲ್ಲಾಡಿಸಿ. ಎಣ್ಣೆ ಪೂರ್ತಿ ಬಿಟ್ಟರೆ ಚರ್ಮದಂತೆ ಒಣಕಲಾಗುತ್ತದೆ. ಬುಟ್ಟಿ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ, ಗಾಳಿ ಆಡಬೇಕು.

ಓವನ್‌ನಲ್ಲಿ?

220 ಡಿಗ್ರಿ, ಅರ್ಧ ಗಂಟೆಯ ಆಸುಪಾಸು. ಟ್ರೇಯನ್ನು ಮೊದಲೇ ಒಳಗಿಟ್ಟು ಕಾಯಿಸಿ. ಬಿಸಿ ಟ್ರೇಗೆ ಬಿದ್ದ ಕಡ್ಡಿ ಅಂಟುವುದಿಲ್ಲ, ತಳವೂ ಗರಿಯಾಗುತ್ತದೆ. ಒಮ್ಮೆ ಮಗುಚಿ ಹಾಕಿ.

ಎಲ್ಲರಿಗೂ ಒಟ್ಟಿಗೆ ಬಡಿಸುವ ತನಕ ಗರಿಗರಿಯಾಗಿ ಇಡುವುದು ಹೇಗೆ?

ಮುಚ್ಚಬೇಡಿ, ರಾಶಿ ಹಾಕಬೇಡಿ. ಮುಚ್ಚಿದರೆ ಹಬೆಗೆ ಹೋಗಲು ಜಾಗವಿಲ್ಲ. ಜಾಲರಿಯ ಮೇಲೆ ಹರಡಿ, 100 ಡಿಗ್ರಿಯ ಓವನ್‌ನಲ್ಲಿ ಇಟ್ಟರೆ ಹದಿನೈದು ಇಪ್ಪತ್ತು ನಿಮಿಷ ತಡೆಯುತ್ತದೆ. ಇದಕ್ಕಿಂತ ಸುಲಭ ಅಂದರೆ ಮೊದಲ ಸಲ ಕರಿಯುವುದನ್ನು ಮುಂಚೆಯೇ ಮುಗಿಸಿ, ಎರಡನೇದನ್ನು ಎಲ್ಲರೂ ಕೂತ ಮೇಲೆ ಮಾಡುವುದು.

ಕರಿದ ಎಣ್ಣೆಯನ್ನು ಮತ್ತೆ ಬಳಸಬಹುದಾ?

ಕೆಲವು ಸಲ ಬಳಸಬಹುದು. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬೆಳಕು ತಾಗದ ಕಡೆ ಮುಚ್ಚಿಡಿ. ತಳದ ಚೂರುಗಳೇ ಎಣ್ಣೆಯನ್ನು ಬೇಗ ಕೆಡಿಸುವುದು. ಬಣ್ಣ ಕಪ್ಪಾಗಿ, ಕಾಯಿಸಿದಾಗ ನೊರೆ ನಿಲ್ಲದೆ, ಬೇಗ ಹೊಗೆ ಬಂದು, ಕಮಟು ವಾಸನೆ ಬಂದರೆ ಅದರ ಆಯಸ್ಸು ಮುಗಿಯಿತು. ಸಿಂಕ್‌ಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.

ಎಣ್ಣೆಗೆ ಬೆಂಕಿ ಹತ್ತಿದರೆ?

ನೀರು ಹಾಕಲೇಬೇಡಿ. ನೀರು ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ ಸಾವಿರಾರು ಪಟ್ಟು ಉಬ್ಬುತ್ತದೆ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಕೈಗೆ ಸುಲಭಕ್ಕೆ ಸಿಕ್ಕರೆ ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ಪಾತ್ರೆಯನ್ನು ಎತ್ತಿಕೊಂಡು ಓಡಬೇಡಿ. ಬೆಂಕಿ ಹತೋಟಿಗೆ ಬರದಿದ್ದರೆ ಎಲ್ಲರನ್ನೂ ಹೊರಗೆ ಕಳುಹಿಸಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಪಾತ್ರೆಯ ಅರ್ಧಕ್ಕಿಂತ ಕಮ್ಮಿ ಎಣ್ಣೆ ಹಾಕುವುದು, ಮುಚ್ಚಳ ಪಕ್ಕದಲ್ಲೇ ಇಟ್ಟುಕೊಳ್ಳುವುದು, ಕಾಯುತ್ತಿರುವ ಎಣ್ಣೆ ಬಿಟ್ಟು ಆಚೆ ಹೋಗದಿರುವುದು, ಈ ಮೂರು ಯಾವತ್ತೂ ತಪ್ಪಬಾರದು.

ಉಳಿದ ಫ್ರೈಸ್ ಬಿಸಿ ಮಾಡಬಹುದಾ?

ಮೈಕ್ರೋವೇವ್‌ನಲ್ಲಿ ಬೇಡ, ಒಳಗಿನ ನೀರನ್ನು ಹೊರಪದರಕ್ಕೆ ತಳ್ಳಿ ರಬ್ಬರಿನಂತೆ ಮಾಡುತ್ತದೆ. ಏರ್ ಫ್ರೈಯರ್ ಅಥವಾ ಓವನ್‌ನಲ್ಲಿ 200 ಡಿಗ್ರಿ, ನಾಲ್ಕೈದು ನಿಮಿಷ. ಎರಡೂ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ, ಒಂದೇ ಪದರವಾಗಿ ಹರಡಿ, ಮುಚ್ಚದೆ ಹುರಿಯಿರಿ. ಹೊಸದರಂತೆ ಆಗುವುದಿಲ್ಲ, ತಿನ್ನುವಂತೆ ಆಗುತ್ತದೆ.